ತಮ್ಮ ಕುಡಿಯುವುದು ಬಿಟ್ಟ ವಾರ

ನಿಲಂಗಾದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಒಂದು ಶ್ಯಾವಿಗೆ ಮಷೀನು ಇದೆ. ಬೇಸಿಗೆ ಹತ್ತಿತೆಂದರೆ ಓಣಿಯ ಹೆಂಗಸರು ಗೋಧಿ ಹಿಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ಪಾಳಿ ಹಚ್ಚುತ್ತಾರೆ. ನಾನು ಹಿಟ್ಟು ನಾದಿ ಮಷೀನಿಗೆ ಕೊಡುತ್ತೇನೆ. ಕೆಳಗೆ ಎಳೆ ಎಳೆಯಾಗಿ ಇಳಿದದ್ದನ್ನು ಅವರು ಕೋಲಿನ ಮೇಲೆ ಜೋತುಹಾಕಿಕೊಂಡು ಮಾಳಿಗೆಯ ಮೇಲಿನ ಬಿಸಿಲಿಗೆ ಒಯ್ದು ಒಣಗಿಸುತ್ತಾರೆ. ಅಂಥ ಒಂದು ಮುಂಜಾನೆ ಮಷೀನಿನ ಗದ್ದಲದಲ್ಲಿ ಯಾರೋ "ಅಕ್ಕಾ" ಅಂದದ್ದು ನನಗೆ ಕೇಳಿಸಲೇ ಇಲ್ಲ. ತಲೆ ಎತ್ತಿದರೆ ನನ್ನ ತಮ್ಮ ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಜೊತೆ ಅರಿವೆ.

"ಅಕ್ಕಾ, ನಾ ಬಿಟ್ಟೀನಿ," ಅಂದ.

ಏನು ಬಿಟ್ಟಿ ಅಂತ ಕೇಳುವ ಕಾರಣವೇ ಇರಲಿಲ್ಲ. ಮಷೀನು ಬಂದ್ ಮಾಡಿ, ಹಿಟ್ಟಿನ ಕೈಯಲ್ಲೇ ಅವನ ಕೆನ್ನೆ ಮುಟ್ಟಿದೆ.

ನಾವು ಗಡಿಯಾಚೆಯ ಉಮರ್ಗಾ ಕಡೆಯ ಹಳ್ಳಿಯವರು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅಪ್ಪ ಮೊದಲು ಹೋದ, ಆಮೇಲೆ ಅವ್ವ. ಅವ್ವ ಹೋದ ಮೇಲೆ ತಮ್ಮನಿಗೆ ತವರು ಅಂದರೆ ನನ್ನ ಮನೆಯೇ. ಹೆಣ್ಣುಮಕ್ಕಳು ತವರಿಗೆ ಬಂದು ಕಣ್ಣೀರು ಹಾಕುವ ಹಾಗೆ ಅವನು ನನ್ನ ಅಡುಗೆಮನೆಯಲ್ಲಿ ಕೂತು ಅತ್ತು ಹೋಗುತ್ತಿದ್ದ.

ಅವನು ಉದಗೀರದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ದಾಲ್ ಮಿಲ್ಲುಗಳಿಗೆ, ಗೋದಾಮುಗಳಿಗೆ ತಗಡಿನ ಪತ್ರಾ ಶೆಡ್ಡು ಏರಿಸುವುದರಲ್ಲಿ ಅವನ ಕೈ ಪಳಗಿತ್ತು. ಇಷ್ಟಗಲದ ಕಬ್ಬಿಣದ ಮೇಲೆ ಬೆಕ್ಕಿನ ಹಾಗೆ ನಡೆಯುತ್ತಿದ್ದ. ಕುಡಿತ ಮೊದಲು ಸಂಜೆಯದಾಗಿತ್ತು, ಆಮೇಲೆ ಮಧ್ಯಾಹ್ನದ್ದೂ ಆಯಿತು. ಕೊನೆಗೆ ಹಲ್ಲುಜ್ಜುವ ಮೊದಲೇ ಒಂದು ಗ್ಲಾಸು ದೇಶಿ ಶೆರೆ ಇಳಿಯದಿದ್ದರೆ ಕೈ ನಡುಗಿ ವೆಲ್ಡಿಂಗ್ ರಾಡು ನಿಲ್ಲುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಗೆಳೆಯರ ಜೊತೆ ರೈಲ್ವೆ ಸ್ಟೇಷನ್ನಿನ ಆಚೆ ಕೂತು ಗಾಂಜಾ ಸೇದುತ್ತಿದ್ದ. ಅದನ್ನು ಅವನು ಚಟ ಅಂತ ಎಣಿಸಿಯೇ ಇರಲಿಲ್ಲ. ಅವನ ಹೆಂಡತಿ ತಡೆಯುವಷ್ಟು ತಡೆದು, ಮಗಳನ್ನು ಕರಕೊಂಡು ಶಿರೂರ ಅನಂತಪಾಳದ ತನ್ನ ತವರಿಗೆ ಹೋಗಿಬಿಟ್ಟಿದ್ದಳು.

ಈಗ ಯಾಕೆ ಬಿಟ್ಟೆ ಅಂತ ಚಹಾ ಕೊಡುತ್ತ ಕೇಳಿದೆ.

"ಮಗಳಿಗಿ ಫೋನ್ ಮಾಡಿದ್ದೆ. 'ಅಪ್ಪಾ, ಈಗ ಕುಡದೀರೇನು? ಕುಡದಿದ್ರ ನಾಳಿ ಮಾತಾಡ್ತೀನಿ' ಅಂದಳು. ಸಿಟ್ಟಿನಿಂದ ಅಲ್ಲ ಅಕ್ಕಾ. ಊಟ ಆತೇನು ಅಂತ ಕೇಳ್ತಾರಲ್ಲ, ಹಂಗ ಕೇಳಿದಳು."

ಚಹಾದ ಬಟ್ಟಲು ಅವನ ಕೈಯಲ್ಲಿ ನಿಲ್ಲಲಿಲ್ಲ. ಅರ್ಧ ನೆಲಕ್ಕೆ, ಅರ್ಧ ಅಂಗಿಗೆ. ಇಬ್ಬರೂ ನಕ್ಕೆವು.

ಅವತ್ತು ಗೋಧಿ ಹುಗ್ಗಿ ಮಾಡಿದೆ. ಅವನಿಗೆ ಎರಡು ತುತ್ತು ಕೂಡ ಇಳಿಯಲಿಲ್ಲ. ಫ್ಯಾನಿನ ಕೆಳಗೆ ಕೂತರೂ ಬೆವರು ಇಳಿಯುತ್ತಿತ್ತು. ನನ್ನ ಅತ್ತೆ ಕಟ್ಟೆಯ ಮೇಲೆ ಕೂತು ನೋಡಿದರು. "ಒಳಗಿನ ಹೊಲಸು ಹೊರಗ ಹೋಗ್ಲತ್ತಾದ. ನಾಕ ದಿನ ನಡುಗ್ತಾನ, ಆಮ್ಯಾಲ ಕಬ್ಬಿಣದಂಗ ಆಗ್ತಾನ," ಅಂದರು. ನನ್ನ ಯಜಮಾನರು ಎಸ್‌ಟಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದು ಅವರೂ ಅದನ್ನೇ ಹೇಳಿದರು. ಕೇಳಿದವರೆಲ್ಲ ಅದನ್ನೇ ಹೇಳಿದರು. ಬಿಟ್ಟವನ ಬೆನ್ನು ತಟ್ಟಬೇಕು, ಗಟ್ಟಿಯಾಗಿ ಇರು ಅನ್ನಬೇಕು. ಇಷ್ಟೇ ನಮಗೆಲ್ಲ ಗೊತ್ತಿದ್ದದ್ದು.

ಸಂಜೆ ಮಾಳಿಗೆಯಿಂದ ಶ್ಯಾವಿಗೆ ತರಲು ಹೋದಾಗ ನೀರಿನ ಟಾಕಿಯ ಹಿಂದಿನಿಂದ ಹೊಗೆ ಬರುತ್ತಿತ್ತು. ಆ ವಾಸನೆ ನನಗೆ ಗೊತ್ತಿತ್ತು.

"ಇದೂ ಬಿಡು," ಅಂದೆ.

"ಅಕ್ಕಾ, ಶೆರಿ ಬಿಟ್ಟೀನಿ. ಇದು ಗಿಡದ ಎಲಿ. ಇದೂ ಇಲ್ಲಂದ್ರ ನಂಗ ತಡಕೊಳ್ಳೋದು ಆಗಲ್ಲ. ಎದಿ ಒಳಗ ಯಾರೋ ಓಡ್ಲತ್ತಂಗ ಆಗ್ತದ."

ಮೊದಲೆಲ್ಲ ಸಂಜೆಗೆ ಒಮ್ಮೆ ಸೇದುತ್ತಿದ್ದವನು ಈಗ ತಾಸಿಗೊಮ್ಮೆ ಮಾಳಿಗೆ ಹತ್ತುತ್ತಿದ್ದ. ಸೇದಿ ಇಳಿದು ಬಂದಾಗ ಸಮಾಧಾನ ಕಾಣುತ್ತಿರಲಿಲ್ಲ. ಕಣ್ಣು ಕೆಂಪಾಗಿ, ಬಾಗಿಲ ಕಡೆಗೇ ನೋಡುತ್ತ ಕೂಡುತ್ತಿದ್ದ. ಯಾರು ಬಂದರೂ ಬೆಚ್ಚುತ್ತಿದ್ದ. ಆ ರಾತ್ರಿ ಅವನು ಕಣ್ಣು ಮುಚ್ಚಲಿಲ್ಲ.

ಮರುದಿನ ಮುಂಜಾನೆ ಅವನು ಹಾಸಿಗೆಯ ಮೇಲೆ ಕೂತು ಏನೋ ಜಾಡಿಸುತ್ತಿದ್ದ.

"ಅಕ್ಕಾ, ಈ ಇರುವಿ ಎಲ್ಲಿಂದ ಬಂದಾವ?"

ನಾನು ಬಗ್ಗಿ ನೋಡಿದೆ. ಹಿಂದಿನ ದಿನವೇ ಒಗೆದು ಹಾಸಿದ ಚಾದರ. ಒಂದು ಇರುವೆಯೂ ಇರಲಿಲ್ಲ. ಅವನು ಬೆರಳಿನಿಂದ ಒಂದೊಂದನ್ನೇ ಹಿಡಿದು ಆಚೆ ಎಸೆಯುತ್ತಿದ್ದ. ನಾನು ಕಸಬರಿಗೆ ತಂದು ಇಲ್ಲದ ಇರುವೆಗಳನ್ನು ಗುಡಿಸಿದೆ. "ಈಗ ಹೋದ್ವು," ಅಂದ. ನನಗೆ ಭಯ ಶುರುವಾದದ್ದು ಅಲ್ಲಿಂದ. ಕುಡಿದಾಗ ಅವನು ಬಯ್ಯುತ್ತಿದ್ದ, ಬೀಳುತ್ತಿದ್ದ, ಅಳುತ್ತಿದ್ದ. ಆದರೆ ಇಲ್ಲದ್ದನ್ನು ಕಂಡವನಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನೇ ಎದ್ದು, "ಸುಮ್ಮ ಕುಂತ್ರ ಹೆಚ್ಚಾಗ್ತದ, ಕೆಲಸ ಕೊಡು," ಅಂದ. ಹೆಂಗಸರ ಜೊತೆ ಶ್ಯಾವಿಗೆಯ ಕೋಲು ಹಿಡಿದು ಮಾಳಿಗೆಗೆ ಹೋದ. ಅಲ್ಲಿ ಹಗ್ಗದ ಹೊರಸುಗಳ ಮೇಲೆ ಬಿಳಿ ಸೀರೆ ಹಾಸಿ ಒಣಹಾಕಿದ್ದೆವು. ನಾನು ಮಷೀನಿನ ಮುಂದಿದ್ದೆ. ಮಷೀನಿನ ಸದ್ದನ್ನೂ ಮೀರಿ ಒಂದು ಕೂಗು ಬಂತು. ಅದು ಮನುಷ್ಯ ಕರೆಯುವ ಕೂಗಲ್ಲ. ಎದೆಯೊಳಗಿನ ಗಾಳಿಯನ್ನೆಲ್ಲ ಯಾರೋ ಒಮ್ಮೆಗೇ ಹಿಂಡಿ ಹೊರಗೆ ಹಾಕಿದ ಹಾಗೆ ಇತ್ತು.

ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಹತ್ತಿದಾಗ ಅವನು ನೆಲದ ಮೇಲೆ ಬಿದ್ದಿದ್ದ. ಹೊರಸು ಮಗುಚಿತ್ತು. ಮೈ ಕಟ್ಟಿಗೆಯ ಹಾಗೆ ಸೆಟೆದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿದ್ದವು. ತುಟಿ ನೇರಳೆಯಾಗುತ್ತ ಬಂತು. ಆಮೇಲೆ ಕೈಕಾಲು ಬಡಿಯತೊಡಗಿದವು. ತಲೆ ಕಾಂಕ್ರೀಟಿಗೆ ಬಡಿಯುತ್ತಿತ್ತು. ಬಾಯಿಂದ ನೊರೆ, ನೊರೆಯಲ್ಲಿ ರಕ್ತ. ಹಸಿ ಶ್ಯಾವಿಗೆ ಅವನ ಕೂದಲಿಗೆ, ತೋಳಿಗೆ ಸುತ್ತಿಕೊಂಡು ಅವನ ಜೊತೆಗೇ ಅಲುಗುತ್ತಿತ್ತು.

"ಅಗ ಬಾಈ, ಝಟಕಾ ಆಲಾ! ಮಿರಗಿ!" ಅಂತ ಪಕ್ಕದ ಮನೆಯವಳು ಮರಾಠಿಯಲ್ಲಿ ಕಿರುಚಿದಳು. ಮಿರಗಿ ಅಂದರೆ ಮೂರ್ಛೆರೋಗ. ಒಬ್ಬಳು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಇನ್ನೊಬ್ಬಳು ಚಪ್ಪಲಿ ಮೂಸಿಸಿದಳು. ಮತ್ತೊಬ್ಬಳು ಸೊಂಟದ ಕೀಲಿ ಗೊಂಚಲು ಬಿಚ್ಚಿ ಅವನ ಮುಷ್ಟಿಗೆ ತುರುಕಲು ನೋಡಿದಳು. ನಾನು ಚಮಚದ ಹಿಡಿಕೆಯನ್ನು ಹಲ್ಲಿನ ನಡುವೆ ಹಾಕಲು ಹೋದೆ. ಹಲ್ಲು ಬಿಡಲಿಲ್ಲ, ಚಮಚವೇ ಡೊಂಕಾಯಿತು. ಅತ್ತೆ ಕೆಳಗಿನಿಂದಲೇ, "ಹೊರಗಿಂದು ಏನೋ ಹಿಡದಾದ, ವಿಭೂತಿ ಹಚ್ಚ್ರಿ!" ಅಂತ ಒದರುತ್ತಿದ್ದರು. ನಾನು ಅವನ ತಲೆಯ ಕೆಳಗೆ ನನ್ನ ಕೈ ಇಟ್ಟೆ. ಆ ತಲೆ ನನ್ನ ಅಂಗೈಯನ್ನು ನೆಲಕ್ಕೆ ಕುಟ್ಟುತ್ತಿತ್ತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂದುಕೊಳ್ಳುತ್ತಿದ್ದೆ. ನಿಲ್ಲಲಿಲ್ಲ. ನಿಂತಾಗ ಇನ್ನೂ ಹೆದರಿದೆ, ಯಾಕೆಂದರೆ ಉಸಿರೂ ನಿಂತ ಹಾಗೆ ಕಂಡಿತು.

ಆಮೇಲೆ ಗೊರಕೆಯಂಥ ಒಂದು ಉಸಿರು ಬಂತು. ಪ್ಯಾಂಟು ಒದ್ದೆಯಾಗಿತ್ತು. ಅಷ್ಟು ಹೆಂಗಸರ ನಡುವೆ ನನ್ನ ಸೆರಗು ಹೊದಿಸಿ ಮುಚ್ಚಿದೆ. ಕಣ್ಣು ತೆರೆದ. ನನ್ನನ್ನು ನೋಡಿದ, ಆದರೆ ಆ ನೋಟದಲ್ಲಿ ನಾನು ಇರಲಿಲ್ಲ.

ಓಣಿಯ ಇಬ್ಬರು ಗಂಡಸರು ಎತ್ತಿ ಆಟೋದಲ್ಲಿ ಹಾಕಿದರು. ತಲೆ ನನ್ನ ತೊಡೆಯ ಮೇಲೆ ಇತ್ತು. ಬಸ್ ಸ್ಟ್ಯಾಂಡು ದಾಟುವಾಗ ತೊಡೆಯ ಮೇಲಿದ್ದ ಆ ತಲೆ ಮತ್ತೆ ಬಿಗಿಯಾಯಿತು. ಆ ಇಕ್ಕಟ್ಟಿನಲ್ಲಿ ಅವನ ಕಾಲುಗಳು ಆಟೋದ ಕಂಬಕ್ಕೆ ಬಡಿಯುತ್ತಿದ್ದವು. ಆಟೋದವ ಒಮ್ಮೆ ತಿರುಗಿ ನೋಡಿದ. ಆಮೇಲೆ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ದೇವರೇ, ಇಷ್ಟು ದಿನ ಕುಡಿದವನನ್ನು ಬಿಟ್ಟು, ಬಿಟ್ಟವನನ್ನು ಯಾಕೆ ಹಿಡಿದೆ ಅಂತ ನಾನು ಬಾಯಿಬಿಟ್ಟೇ ಕೇಳುತ್ತಿದ್ದೆ.

ದವಾಖಾನೆಯಲ್ಲಿ ಸೂಜಿ ಹಾಕಿದ ಮೇಲೆ ಮೈ ಸಡಿಲಾಯಿತು. ಡಾಕ್ಟರು ಬೀದರ ಕಡೆಯ ಹೆಣ್ಣುಮಗಳು, ನಮ್ಮ ಮಾತೇ ಆಡುತ್ತಿದ್ದಳು.

"ಮೊದಲ ಯಾವಾಗರೆ ಹಿಂಗ ಬಂದಿತ್ತೇನ್ರಿ?"

"ಇಲ್ರಿ."

"ಕುಡೀತಾರೇನು?"

"ಕುಡೀತಿದ್ದ. ಈಗ ಬಿಟ್ಟಾನ್ರಿ," ಅಂದೆ. ಆ ಹೊತ್ತಿನಲ್ಲೂ ನನ್ನ ದನಿಯಲ್ಲಿ ಒಂದು ಹೆಮ್ಮೆ ಇತ್ತು.

"ಯಾವಾಗ ಬಿಟ್ಟಾರ?"

"ನಿನ್ನಿ ಮುಂಜಾನಿಂದ."

ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಕ್ಕಾರ, ಬಿಟ್ಟಿದ್ದಕ್ಕೇ ಬಂದಾದ ಇದು," ಅಂದಳು.

ನನಗೆ ಸಿಟ್ಟು ಬಂತು. ಬಿಡು ಬಿಡು ಅಂತ ಊರೆಲ್ಲ ಹೇಳಿದ್ದನ್ನು ಇವಳು ತಪ್ಪು ಅನ್ನುತ್ತಾಳಲ್ಲ ಅಂತ. ಅವಳು ನನ್ನನ್ನು ಬೆಂಚಿನ ಮೇಲೆ ಕೂಡಿಸಿ ತಾನೂ ಕೂತಳು. "ದಿನಾ ಇಷ್ಟು ಶೆರಿ ಕುಡದ್ರ ಅದು ಮೆದುಳನ್ನ ಒತ್ತಿ ಹಿಡೀತದ್ರಿ. ಮೆದುಳು ಸುಮ್ಮ ಇರಲ್ಲ, ಒಳಗಿಂದ ಅಷ್ಟೇ ಜೋರು ಹಚ್ಚಿ ತಳ್ಳತಿರ್ತದ. ಒಮ್ಮಿಗೇ ಶೆರಿ ತಗದಬಿಟ್ರ ಆ ಜೋರು ಎಲ್ಲಿ ಹೋಗಬೇಕು? ನೀವು ಒಂದು ಬಾಗಲಾ ನೂಕ್ಲತೀರಿ, ಆ ಕಡಿಂದ ಹಿಡದಂವ ಕೈ ಬಿಟ್ಟ ಅಂತ ತಿಳಕೊಳ್ರಿ. ಬಿಡಬೇಕು, ಖರೇ. ಆದ್ರ ಇಷ್ಟು ಕುಡಿಯೋರು ಮನ್ಯಾಗ ತಮ್ಮಷ್ಟಕ್ಕ ತಾವು ಬಿಡಬಾರದು. ಇಲ್ಲಿ ಬಂದು ಗುಳಿಗಿ ತಗೋತ ಬಿಡಬೇಕು."

"ಗಾಂಜಾನೂ ಸೇದ್ತಾನ್ರಿ," ಅಂದೆ. ಯಾರಿಗೂ ಹೇಳದ ಮಾತು ಆಗ ತಾನಾಗಿ ಹೊರಬಿತ್ತು. "ಶೆರಿ ಬಿಟ್ಟ ಮ್ಯಾಲ ಬಾಳ ಸೇದಿದ. ಅದರಿಂದೇ ಬಂದಿರಬೇಕೇನು?"

"ಬರೇ ಅದರಿಂದೇ ಬಂತು ಅಂತ ನಾ ಹೇಳಲ್ಲ. ಅದು ಅಷ್ಟು ಸೀದಾ ಇಲ್ಲ. ಆದ್ರ ಅದು ಶೆರಿ ಜಾಗಾ ತುಂಬಲ್ಲ, ಫಿಟ್ಸ್ ತಡೀಯಲ್ಲ. ಊಟ ಇಲ್ಲ, ನಿದ್ದಿ ಇಲ್ಲ, ಮ್ಯಾಲ ಇದು. ಅಂಜಿಕಿ ಇನ್ನಾ ಹೆಚ್ಚಾಗ್ತದ. ಆ ಪುಡ್ಯಾಗ ಏನೇನು ಕಲಸಿರ್ತಾರೋ, ಯಾರಿಗಿ ಗೊತ್ತು?"

ಕೀಲಿ, ಉಳ್ಳಾಗಡ್ಡಿ, ಚಮಚದ ಸುದ್ದಿ ಕೇಳಿ ತಲೆಯಾಡಿಸಿದಳು. "ಬಾಯಾಗ ಏನೂ ಹಾಕಬ್ಯಾಡ್ರಿ. ಗಟ್ಟಿ ಹಿಡೀಬ್ಯಾಡ್ರಿ. ತಲಿ ಕೆಳಗ ಮೆತ್ತಗಿದ್ದದ್ದು ಇಡ್ರಿ, ಒಂದು ಮಗ್ಗಲಿಗಿ ಹೊಳ್ಳಸ್ರಿ, ಲಗೂನ ದವಾಖಾನಿಗಿ ತರ್ರಿ. ಅಷ್ಟೇ." ಆ 'ಅಷ್ಟೇ' ಅನ್ನುವ ಮಾತು ನನ್ನನ್ನು ಹೆಚ್ಚು ಹೆದರಿಸಿತು. ನಮ್ಮ ಕೈಯಲ್ಲಿ ಇರುವುದು ಇಷ್ಟೇ ಏನು ಅಂತ.

ಇನ್ನೂ ಮುಗಿದಿಲ್ಲ, ಮುಂದಿನ ಒಂದೆರಡು ದಿನ ಕಠಿಣ ಇದೆ, ದೊಡ್ಡ ದವಾಖಾನೆಗೆ ಒಯ್ಯಿರಿ ಅಂದಳು. ಅವನ ಠಿಕಾಣೆ ಇದ್ದ ಉದಗೀರಕ್ಕೇ ಆಂಬುಲೆನ್ಸಿನಲ್ಲಿ ಒಯ್ದೆವು.

ಅವಳು ಹೇಳಿದ್ದು ಖರೆ ಆಯಿತು. ಮತ್ತೆ ಫಿಟ್ಸ್ ಬರಲಿಲ್ಲ, ಆದರೆ ಬುದ್ಧಿ ನೆಲೆ ತಪ್ಪಿತು. ಸಲಾಯಿನ್ ಕಿತ್ತುಕೊಳ್ಳಬಾರದೆಂದು ಅವನ ಮಣಿಕಟ್ಟನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದರು. ಅವನು ಮಂಚದ ಕಂಬಿ ಬಿಗಿಯಾಗಿ ಹಿಡಿದು, ಕೆಳಗೆ ನೆಲದ ಫರ್ಶಿಯನ್ನು ನೋಡಿ ಗಡಗಡ ನಡುಗುತ್ತಿದ್ದ. ಏನು ಕಾಣುತ್ತಿದೆ ಅಂತ ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವನ ಕಣ್ಣಿಗೆ ಅದು ಮಂಚ ಅಲ್ಲ, ಮಿಲ್ಲಿನ ಶೆಡ್ಡಿನ ತುದಿ.

"ಅಕ್ಕಾ, ನೀ ಯಾಕ ಮ್ಯಾಲ ಹತ್ತಿ ಬಂದಿ? ಕೆಳಗ ನೋಡಬ್ಯಾಡ. ಕಬ್ಬಿಣದ ಆ್ಯಂಗಲ್ ಗಟ್ಟಿ ಹಿಡಿ."

"ಹಿಡದೀನಿ," ಅಂದೆ.

"ಬಿಡಬ್ಯಾಡ. ಬಿಟ್ರ ಇಬ್ಬರೂ ಹೋಗ್ತೀವಿ."

ನಾನೂ ಮಂಚದ ಕಂಬಿ ಹಿಡಿದುಕೊಂಡೆ. ಇಡೀ ಹಗಲು ಅವನು ಆ ಎತ್ತರದಿಂದ ಇಳಿಯಲಿಲ್ಲ. ಒಂದು ಹೊತ್ತಿನಲ್ಲಿ ನನಗೇ ಕೆಳಗೆ ನೋಡಲು ಭಯವಾಯಿತು. ಹುಚ್ಚು ಅಂಟುತ್ತದೆಯೇನೋ ಅನ್ನಿಸಿ, ಹೊರಗೆ ಹೋಗಿ ನಳದ ಕೆಳಗೆ ಮುಖ ಇಟ್ಟು ಬಂದೆ.

ಬರುವಾಗ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಶಿರೂರ ಅನಂತಪಾಳದಿಂದ ಸುದ್ದಿ ಕೇಳಿ ಬಂದವಳು. ಒಳಗೆ ಹೋಗಿ ಅವನ ಕಾಲು ಮುಟ್ಟಿದಳು. ಅವನು, "ಈಕಿ ಯಾರು? ಕೆಳಗ ಕಳಸು, ಬೀಳ್ತಾಳ," ಅಂದ. ಅವಳು ಹೊರಗೆ ಬಂದು ಗೋಡೆಗೆ ಒರಗಿದಳು.

ಅಷ್ಟರಲ್ಲಿ ಅವನ ಜೊತೆ ಕೆಲಸ ಮಾಡುವ ಪೇಂಟರು ಬಂದ. ಕಿಸೆಯಲ್ಲಿ ಒಂದು ಸಣ್ಣ ಬಾಟಲಿ ಇತ್ತು. ನಮ್ಮನ್ನು ಮೂಲೆಗೆ ಕರೆದು, "ಅಕ್ಕಾ, ನಾ ಇಂಥದ್ದು ನೋಡೀನಿ. ಒಂದು ಗುಟುಕು ಬಾಯಾಗ ಬಿಡ್ರಿ, ಈಗಿಂದೀಗ ನಿಲ್ತದ," ಅಂದ. ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು.

ತಮ್ಮನ ಹೆಂಡತಿ ನನ್ನ ಕೈ ಹಿಡಿದಳು. ಇದೇ ಶೆರೆಯ ಸಲುವಾಗಿ ಮನೆ ಬಿಟ್ಟು ಹೋದವಳು. "ಅಕ್ಕಾ, ಕುಡೀಲಿ. ಕುಡಕ ಆಗೇ ಇರ್ಲಿ. ಜೀವಂತ ಇದ್ರ ಸಾಕು ನನಗ."

ನಾನು ಆ ಬಾಟಲಿ ನೋಡಿದೆ. ಇಂಥ ಆಸೆ ನನಗೆ ಯಾವ ವಸ್ತುವಿನ ಮೇಲೂ ಆಗಿರಲಿಲ್ಲ. ತಗೊಂಡು ಒಳಗೆ ಹೋಗಿ ಅವನ ತುಟಿಗೆ ಹಚ್ಚಿದರೆ ಮುಗಿಯಿತು, ಅವನು ಆ ಎತ್ತರದಿಂದ ಇಳಿದು ಬರುತ್ತಾನೆ. ಕೈ ಚಾಚಲಿಲ್ಲ. ವಾರ್ಡಿಗೆ ಬಂದ ಡಾಕ್ಟರನ್ನೇ ನಿಲ್ಲಿಸಿ ಕೇಳಿದೆ: "ಸರ್, ಜರಾ ಶೆರಿ ಕೊಟ್ರ ನಿಲ್ತದಂತ. ಖರೇ ಏನ್ರಿ?"

ಅವರು ಹಿರಿಯರು. ನನ್ನನ್ನು ಗದರಿಸಲಿಲ್ಲ. "ನಿಂತರೂ ನಿಲ್ಲಬಹುದು ತಾಯಿ. ಆಮ್ಯಾಲ? ನಾಳಿ ಮತ್ತ ಬಿಡ್ತಾನ, ಮತ್ತ ಬರ್ತದ, ಇದಕ್ಕಿಂತ ಜೋರು ಬರ್ತದ. ಅದು ಮಾಡೋ ಕೆಲಸ ನಾವು ಔಷಧದಿಂದ ಮಾಡ್ಲತ್ತೀವಿ. ದಿನಾ ಜರಾ ಜರಾ ಕಡಿಮಿ ಮಾಡ್ತೀವಿ. ಇವತ್ತೊಂದು ದಿನ ತಡೀರಿ."

ಪೇಂಟರು ಬಾಟಲಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಹೋದ. ನಾವಿಬ್ಬರೂ ತಡೆದೆವು. ಒಂದು ದಿನ ಅಲ್ಲ, ಅದಕ್ಕಿಂತ ಹೆಚ್ಚು ತಡೆಯಬೇಕಾಯಿತು.

ಒಂದು ಮುಂಜಾನೆ ಅವನು ಕಣ್ಣು ಬಿಟ್ಟು, ಕಟ್ಟಿದ ಕೈ ನೋಡಿಕೊಂಡು, "ನನಗ್ಯಾಕ ಕಟ್ಟೀರಿ?" ಅಂತ ಕೇಳಿದ. ಹೆಂಡತಿಯನ್ನು ನೋಡಿ ಮುಖ ಆಚೆ ಹೊರಳಿಸಿದ. ಅದು ಗುರುತು ಸಿಕ್ಕಿದ ನಾಚಿಕೆ. ಅವಳು ಅಲ್ಲಿಯೇ ನೆಲದ ಮೇಲೆ ಕೂತು ಅತ್ತಳು. ಇರುವೆ, ಮಾಳಿಗೆ, ಆಟೋ, ಶೆಡ್ಡು, ಒಂದೂ ಅವನಿಗೆ ನೆನಪಿರಲಿಲ್ಲ. ನಾವು ಹೇಳಿದಷ್ಟೇ ಅವನಿಗೆ ಗೊತ್ತು. ಹೇಳುವಾಗ ನಾನು ಅರ್ಧ ನುಂಗಿದೆ.

ಮಾಳಿಗೆಯ ಮೇಲೆ ಬಿದ್ದಾಗಲೋ, ಕೈ ಬಡಿದಾಗಲೋ ಅವನ ಬಲ ಭುಜ ಕೀಲು ತಪ್ಪಿತ್ತು. ಕೂಡಿಸಿದರು, ಆದರೂ ಆ ಕೈ ಇಂದಿಗೂ ಪೂರಾ ಮೇಲೆ ಏರುವುದಿಲ್ಲ. ಎತ್ತರಕ್ಕೆ ಹತ್ತಬಾರದು, ಡಾಕ್ಟರು ಹೇಳುವ ತನಕ ಗಾಡಿ ಹೊಡೆಯಬಾರದು ಅಂತ ಅಪ್ಪಣೆಯಾಯಿತು. ಬೆಕ್ಕಿನ ಹಾಗೆ ಕಬ್ಬಿಣದ ಮೇಲೆ ನಡೆಯುತ್ತಿದ್ದವನು ನೆಲದ ಮೇಲೆ ಕೂತು ಕಿಟಕಿಯ ಗ್ರಿಲ್ಲು, ಗೇಟು ಮಾಡತೊಡಗಿದ. ಮಗಳು ಶಾಲೆಯ ರಜೆಗೆ ಬಂದಳು, ದವಾಖಾನೆಯಿಂದ ತವರಿಗೆ ಮರಳಿದ್ದ ಅವಳ ತಾಯಿಯೂ ಆಮೇಲೆ ಬಂದು ಉಳಿದಳು.

ಇಲ್ಲಿಗೆ ಮುಗಿಯಿತು ಅಂತ ಹೇಳಲು ನನಗೂ ಆಸೆ ಇದೆ. ಆದರೆ ಮಳೆಗಾಲ ಮುಗಿಯುತ್ತ ಬಂದಾಗ ಉಮರ್ಗಾದಲ್ಲಿ ಒಂದು ಮದುವೆಗೆ ಹೋದವನು ಮತ್ತೆ ಕುಡಿದ. ಒಂದು ದಿನದ್ದು ನಿಲ್ಲಲಿಲ್ಲ, ವಾರದ ಮೇಲೆ ಎಳೆಯಿತು. ಹೆಂಡತಿ ನನಗೆ ಫೋನು ಮಾಡಿ, "ಬಯ್ಯಲಾಕೂ ಅಂಜಿಕಿ ಆಗ್ತದ ಅಕ್ಕಾ. ಬೈದ್ರ ಸಿಟ್ಟಿಗೆದ್ದು ಒಮ್ಮಿಗೇ ಬಿಟ್ಟಗಿಟ್ಟಾನು," ಅಂದಳು. ಕುಡಿದರೂ ಭಯ, ಬಿಟ್ಟರೂ ಭಯ. ಫೋನು ಬಡಿದಾಗೊಮ್ಮೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ಒಂದು ಮುಂಜಾನೆ ಅವನದೇ ಫೋನು.

"ಅಕ್ಕಾ, ಕೈ ನಡಗ್ಲತ್ತಾವ. ಇವತ್ತ ತಗೊಂಡಿಲ್ಲ. ನಾ ದವಾಖಾನಿ ಬಾಗಲ್ದಾಗ ಕುಂತೀನಿ."

"ಒಳಗ ಹೋಗು."

"ನಾಚಿಕಿ ಬರ್ಲತ್ತಾದ. ಅದೇ ಡಾಕ್ಟರ್ ಅದಾರ."

"ನಾಚಿಕಿ ಚಪ್ಪಲಿ ಜೋಡಿ ಹೊರಗ ಬಿಟ್ಟು ಒಳಗ ಹೋಗು. ನಾ ಬರ್ಲತ್ತೀನಿ. ಫೋನ್ ಬಂದ್ ಮಾಡಬ್ಯಾಡ."

ಉದಗೀರದ ಬಸ್ಸಿನಲ್ಲಿ ಇಡೀ ದಾರಿ ಫೋನನ್ನು ಕಿವಿಗೆ ಹಚ್ಚಿಕೊಂಡಿದ್ದೆ. ಅವನು ಯಾರಿಗೋ ಹೇಳುತ್ತಿದ್ದ: "ನನಗ ಕುಡಿಯೋದು ಬಿಟ್ರ ಫಿಟ್ಸ್ ಬರ್ತದ್ರಿ. ಅದಕ್ಕ ಬಂದೀನಿ." ಒಬ್ಬ ಗಂಡಸು ಇಷ್ಟು ಮಂದಿಯ ನಡುವೆ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಸಿಗ್ನಲ್ ಕಡಿದು ಹೋಯಿತು. ಮತ್ತೆ ಹತ್ತಲಿಲ್ಲ. ಮುಂದಿನ ದಾರಿಯನ್ನು ನಾನು ಹೇಗೆ ಕಳೆದೆನೋ. ಹೋಗಿ ನೋಡಿದರೆ ಮಂಚದ ಮೇಲೆ ಕೂತು ಬಾಳೆಹಣ್ಣು ಸುಲಿಯಲು ಒದ್ದಾಡುತ್ತಿದ್ದ. ಈ ಸಲ ಫಿಟ್ಸ್ ಬರಲಿಲ್ಲ. ಗಾಂಜಾದ ಪುಡಿಯನ್ನು ತಾನೇ ಹೆಂಡತಿಯ ಕೈಗೆ ಕೊಟ್ಟ, ಅವಳು ಗಟಾರಕ್ಕೆ ಚೆಲ್ಲಿದಳು.

ಅದಾದ ಮೇಲೆ ಅವನು ಕುಡಿದಿಲ್ಲ. ಇವತ್ತಿನ ತನಕ ಕುಡಿದಿಲ್ಲ ಅನ್ನುತ್ತೇನೆ, ನಾಳೆಯದನ್ನು ಹೇಳುವುದಿಲ್ಲ.

ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಅವನು ಒಮ್ಮೆಲೇ, "ಅಕ್ಕಾ, ನನಗ ಅವತ್ತ ಹ್ಯಾಂಗ ಆಗಿತ್ತು? ತೋರ್ಸು," ಅಂದ. ನನಗೆ ಆಗಲಿಲ್ಲ. ಕೈ ಸ್ವಲ್ಪ ಎತ್ತಿ ಇಳಿಸಿಬಿಟ್ಟೆ.

"ಹೋಗಲಿ, ಈಕಿಗಿ ಕಲಿಸು. ಈಕಿ ನೋಡಿಲ್ಲ. ಮುಂದ ಬಂದ್ರ ಏನ್ ಮಾಡಬೇಕು ಗೊತ್ತಿರಲಿ," ಅಂತ ಹೇಳಿ ಶಹಾಬಾದಿ ಕಲ್ಲಿನ ನೆಲದ ಮೇಲೆ ಅಂಗಾತ ಮಲಗಿದ. ಹೆಂಡತಿ ಮೊಣಕಾಲೂರಿ, ನಾನು ಹೇಳಿದ ಹಾಗೆ ಅವನ ಹೆಗಲು ಹಿಡಿದು ಹೊರಳಿಸಲು ನೋಡಿದಳು. ಅವನಿಗೆ ಕಚಗುಳಿ. ಕಿಸಕ್ಕನೆ ನಕ್ಕ, ಅವಳೂ ನಕ್ಕಳು, ನಾನೂ ನಕ್ಕೆ.

"ಖರೇ ಖರೇ ಮಾಡ್ರಿ," ಅಂದಳು ಅವಳು.

ಅವನು ಕಣ್ಣು ಮುಚ್ಚಿದ. ಮೈ ಸಡಿಲು ಬಿಟ್ಟ. ಅವಳು ತಲೆಯ ಕೆಳಗೆ ಮಡಚಿದ ಟಾವೆಲ್ಲು ಸರಿಸಿ ಒಂದು ಮಗ್ಗುಲಿಗೆ ಹೊರಳಿಸಿದಳು. ಕೈ ಸತ್ತ ಕೈಯ ಹಾಗೆ ಜಾರಿ ನೆಲಕ್ಕೆ ಬಿತ್ತು. ಉಸಿರು ಕಾಣಲಿಲ್ಲ. ಯಾರೂ ನಗುತ್ತಿರಲಿಲ್ಲ.

"ಏಯ್!" ಅಂತ ನಾನು ಒದರಿಬಿಟ್ಟೆ.

ಅವನು ಕಣ್ಣು ತೆರೆದ. "ಇಲ್ಲೇ ಅದೀನಿ ಅಕ್ಕಾ," ಅಂದ.

ಹೆಂಡತಿ ಎದ್ದಿರಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಅವನ ಹೆಗಲ ಮೇಲೆ ಕೈ ಇಟ್ಟಳು. "ಇನ್ನೊಮ್ಮಿ ಮಲಕೋರಿ. ನನ್ನ ಕೈ ಇನ್ನಾ ಬರೋಬರ್ ಕುಂತಿಲ್ಲ," ಅಂದಳು. ಅವನು ಮತ್ತೆ ಮಲಗಿದ.